ಎದುರಾಎದುರು ಕುಂತು ಆಗುವ ಕೆಲಸ ಫೋನಿನಲ್ಲಿ ಆದೀತೆ?

ಗ್ರಾಮಸಭೆಗೆ ಜನ ಬರುವುದಿಲ್ಲ ಎಂಬ ದೂರು ಹಳೆಯದು. ಈಗ ಅದಕ್ಕೊಂದು ಹೊಸ ಉಪಾಯ ಹೇಳುವವರಿದ್ದಾರೆ. ಎಲ್ಲರ ಕೈಯಲ್ಲೂ ಫೋನ್ ಇದೆ, ಊರಿನ ವಾಟ್ಸಾಪ್ ಗ್ರೂಪ್ ಇದೆ, ವಿಡಿಯೊ ಕಾಲ್ ಇದೆ. ಕೂಲಿ ಬಿಟ್ಟು ಶಾಲೆಯ ಅಂಗಳದಲ್ಲಿ ಬಂದು ಯಾಕೆ ಕೂಡಬೇಕು, ಫೋನಿನಲ್ಲೇ ಸಭೆ ಮಾಡಿ ಮುಗಿಸಿದರೆ ಆಗದೇನು ಅಂತ ಅವರು ಕೇಳುತ್ತಾರೆ. ಸವದತ್ತಿ ಸೀಮೆಯ ಹಳ್ಳಿಗಳಲ್ಲಿ ವರದಿಗಾಗಿ ಓಡಾಡುವ ನಮ್ಮ ಕಿವಿಗೆ ಈ ಮಾತು ಕೊರೊನಾ ಕಾಲದಿಂದ ಆಗಾಗ ಬೀಳುತ್ತಿದೆ. ಹೀಗೆ ಕೇಳುವವರೆಲ್ಲ ಕೆಟ್ಟ ಮನಸ್ಸಿನವರಲ್ಲ. ಒಂದು ದಿನದ ಕೂಲಿ ಬಿಟ್ಟು ಬರುವುದು ಬಡವರಿಗೆ ನಿಜವಾದ ನಷ್ಟವೇ.

ಆದರೆ ಹೌದು ಅಥವಾ ಅಲ್ಲ ಅನ್ನುವ ಮೊದಲು ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಜನ ಕೂಡುವುದಾದರೂ ಯಾಕೆ? ಬರೀ ಸುದ್ದಿ ತಿಳಿಯುವುದಕ್ಕಾಗಿದ್ದರೆ ಹಿಂದೆ ಡಂಗುರ ಸಾಕಿತ್ತು. ಡಂಗುರ ಇದ್ದ ಕಾಲದಲ್ಲೂ ಜನ ಚಾವಡಿ ಮುಂದೆ ಕೂಡುತ್ತಿದ್ದರು. ಅದು ಯಾಕೆ ಎನ್ನುವುದಕ್ಕೆ ಉತ್ತರ ನಮ್ಮ ಸೀಮೆಯ ಇತಿಹಾಸದಲ್ಲೇ ಸಿಗುತ್ತದೆ.

ಹೂಲಿಯ ಸಾವಿರ ಮಂದಿ

ಸವದತ್ತಿಯಿಂದ ಹೂಲಿ ದೂರವಿಲ್ಲ. ಪಂಚಲಿಂಗೇಶ್ವರ ಗುಡಿ ನೋಡಲು ಹೋದವರಿಗೆ ಊರ ಸುತ್ತಲಿನ ಹಾಳು ಗುಡಿಗಳೂ ಕಂಡಿರುತ್ತವೆ. ಸುಮಾರು ಸಾವಿರ ವರ್ಷದ ಹಿಂದೆ ಇದು ದೊಡ್ಡ ಅಗ್ರಹಾರ. ಶಾಸನಗಳಲ್ಲಿ ಊರಿನ ಹೆಸರು ಪೂಲಿ. ಅಲ್ಲಿನ ಮಹಾಜನರನ್ನು ಶಾಸನಗಳು 'ಸಾಸಿರ್ವರು', ಅಂದರೆ ಸಾವಿರ ಮಂದಿ ಎಂದೇ ಕರೆಯುತ್ತವೆ.

ಗುಡಿಗೆ ಹೊಲ ಬಿಡುವಾಗ, ದೀಪಕ್ಕೆ ಎಣ್ಣೆ ಬಿಡುವಾಗ ಆ ಕಾಲದ ಶಾಸನಗಳು ಯಾರು ಕೊಟ್ಟರು ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ಯಾರ ಮುಂದೆ ಕೊಟ್ಟರು, ಯಾರ ಕೈಗೆ ಒಪ್ಪಿಸಿದರು, ಮುಂದೆ ಅದನ್ನು ಕಾಯುವವರು ಯಾರು ಎಂಬುದನ್ನೂ ಬರೆಯುತ್ತವೆ. ಆಗ ಸವದತ್ತಿಯ ಹೆಸರು ಸುಗಂಧವರ್ತಿ, ಅದು ರಟ್ಟರ ರಾಜಧಾನಿ. ರಟ್ಟರು ಆಮೇಲೆ ವೇಣುಗ್ರಾಮಕ್ಕೆ, ಅಂದರೆ ಈಗಿನ ಬೆಳಗಾವಿಗೆ ಹೋದರು. ಅಲ್ಲಿನ 1204ರ ಶಾಸನದಲ್ಲಿ ಬಸದಿಗೆ ದಾನ ಕೊಡಲು ಕೂಡಿದ ವ್ಯಾಪಾರಿಗಳ ಪಟ್ಟಿಯೇ ಇದೆ. ಊರಿನ ಸೆಟ್ಟರ ಜತೆ ಗುಜರಾತಿನ ಕಡೆಯ ಲಾಳರು, ಮಲೆಯಾಳದವರು ಕೂಡ ಆ ಪಟ್ಟಿಯಲ್ಲಿದ್ದಾರೆ.

ರಾಜ ಒಬ್ಬನೇ ಆಜ್ಞೆ ಮಾಡಿದರೆ ಆಗುತ್ತಿತ್ತಲ್ಲ? ಆಗುತ್ತಿತ್ತು. ಆದರೆ ರಾಜ ಸತ್ತ ಮೇಲೆ ಆ ಹೊಲ ಗುಡಿಯದೇ ಎಂದು ಹೇಳುವವರು ಊರಲ್ಲಿ ಇರಬೇಕಲ್ಲ. ಕೊಟ್ಟದ್ದನ್ನು ನೋಡಿದವರಿದ್ದರೆ 'ಕೊಟ್ಟೇ ಇಲ್ಲ' ಅನ್ನುವುದು ಕಷ್ಟ. ಕೂಡಿದ ಜನ ಆ ದಾನಕ್ಕೆ ಸಾಕ್ಷಿ. ಈ ರೂಢಿ ಇವತ್ತಿಗೂ ಹೋಗಿಲ್ಲ. ಪೊಲೀಸರು ಪಂಚನಾಮೆ ಬರೆಯುವಾಗ 'ಪಂಚರ ಸಮಕ್ಷಮ' ಎಂದು ಬರೆಯುತ್ತಾರೆ. ಲಗ್ನದ ಮಾತುಕತೆಗೆ ಹಿರಿಯರು ಬಂದು ಕೂಡದಿದ್ದರೆ ಮಾತು ಮುಗಿದಂತೆ ಯಾರಿಗೂ ಅನ್ನಿಸುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ಹೂಲಿಯ ಆ ಸಾವಿರ ಮಂದಿಯಲ್ಲಿ ಉಳುವವರಿಲ್ಲ, ಹೆಣ್ಣುಮಕ್ಕಳಿಲ್ಲ, ಊರ ಹೊರಗಿನ ಕೇರಿಯವರಿಲ್ಲ. ಅಗ್ರಹಾರದ ಮಹಾಜನರೆಂದರೆ ಭೂಮಿ ಪಡೆದ ಬ್ರಾಹ್ಮಣರು. ಆಮೇಲಿನ ಚಾವಡಿಯಲ್ಲೂ ಗೌಡರು, ಕುಲಕರ್ಣಿಗಳು ಮೇಲೆ ಕುಂತರೆ ಉಳಿದವರು ಕೆಳಗೆ ನಿಂತರು. ಇನ್ನು ಕೆಲವರಿಗೆ ಹತ್ತಿರ ಬರುವುದಕ್ಕೂ ಬಿಡಲಿಲ್ಲ. ಆದ್ದರಿಂದ ಎದುರಿಗೆ ಕೂಡುವ ಸಭೆಗಳೆಲ್ಲ ಒಳ್ಳೆಯವು, ಹಳೆಯದೆಲ್ಲ ಬಂಗಾರ ಎಂದು ನಾವು ಹೇಳುತ್ತಿಲ್ಲ. ಸಭೆಗೆ ಬಲ ಇದ್ದದ್ದು ನಿಜ. ಆ ಬಲ ಯಾರ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು.

1924: ಅಜೆಂಡಾದ ಹೊರಗೆ ಆದದ್ದು

ಹೂಲಿಯ ಸಭೆ ಊರಿನದು. ಊರೂರಿನವರು ಒಂದೆಡೆ ಕೂಡಿದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಜಿಲ್ಲೆ ನೂರು ವರ್ಷದ ಹಿಂದೆ ಕಂಡಿತು. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅದನ್ನು ಹೊತ್ತು ನಡೆಸಿದವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಅಧಿವೇಶನದ ಜಾಗಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಬರುವ ಜನರ ನೀರಿಗೆಂದು ತೋಡಿದ ಪಂಪಾ ಸರೋವರ ಎಂಬ ಬಾವಿ ಇಂದಿಗೂ ಇದೆ. ಜನ ಅದನ್ನು ಕಾಂಗ್ರೆಸ್ ಬಾವಿ ಅನ್ನುತ್ತಾರೆ.

ಗಾಂಧೀಜಿಯ ಭಾಷಣ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಮನೆಯಲ್ಲೇ ಓದಬಹುದಿತ್ತು. ಆದರೂ ಜನ ಹೋದರು. ಹೋದದ್ದರಿಂದ ಇನ್ನೊಂದು ಕೆಲಸವೂ ಆಯಿತು. ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು ಅಲ್ಲಿ ಒಂದೇ ಕಡೆ ಕೂಡಿದ್ದರು. ಅದೇ ಸಂದರ್ಭದಲ್ಲಿ, ಅದೇ ಊರಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡು ಬೆಳಗಾವಿಯ ಆ ಅಧಿವೇಶನದಲ್ಲಿ ಮೊಳಗಿತು. ಅಲ್ಲಿಂದ 32 ವರ್ಷಕ್ಕೆ, 1956ರ ನವೆಂಬರ್ 1ರಂದು ನಾಡು ಒಂದಾಯಿತು.

ಫೋನಿನ ಸಭೆಯಲ್ಲಿ ಕರೆದ ವಿಷಯ ಮುಗಿದ ಕೂಡಲೇ ಪರದೆ ಕಪ್ಪಾಗುತ್ತದೆ. ಎದುರು ಕೂಡಿದ ಸಭೆ ಮುಗಿದ ಮೇಲೂ ಜನ ಅಲ್ಲೇ ಇರುತ್ತಾರೆ. ಊಟದ ಪಂಕ್ತಿ, ಬಸ್‌ಸ್ಟ್ಯಾಂಡ್, ಚಹಾದಂಗಡಿಯಲ್ಲಿ ಮಾತು ಮುಂದುವರಿಯುತ್ತದೆ. ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದ ಕೆಲಸ ಎಷ್ಟೋ ಸಲ ಹುಟ್ಟುವುದು ಅಲ್ಲೇ.

ರೇಡಿಯೊ ಬಂದಾಗಲೂ ಇದೇ ಪ್ರಶ್ನೆ

ದೂರದ ಮಾತನ್ನು ಊರಿಗೆ ತರುವ ಯಂತ್ರ ಬಂದದ್ದು ಇದೇ ಮೊದಲಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಬಿತ್ತನೆ, ಗೊಬ್ಬರ, ಮಳೆ, ಪೇಟೆ ಧಾರಣಿ ಎಲ್ಲ ರೇಡಿಯೊದಲ್ಲಿ ಬರತೊಡಗಿದವು. ಹೇಳುವುದನ್ನು ರೇಡಿಯೊ ಹೇಳಿದರೆ ಸಾಕು, ಜನ ಕೂಡುವ ಅಗತ್ಯ ಏನು ಎಂಬ ಪ್ರಶ್ನೆ ಆಗಲೂ ಎದ್ದಿತು.

ಅದಕ್ಕೆ ಉತ್ತರ ಹುಡುಕುವ ಒಂದು ಪ್ರಯೋಗ 1956ರಲ್ಲಿ ನಡೆಯಿತು. ಆಗ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು. ಅದೇ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪುಣೆ ಆಕಾಶವಾಣಿ ರೈತರ ಕೂಟಗಳನ್ನು ಮಾಡಿತು. ಒಂದೊಂದು ಕೂಟದಲ್ಲಿ ಸುಮಾರು 20 ಮಂದಿ. ವಾರಕ್ಕೆರಡು ಸಲ, ಹತ್ತು ವಾರ ಅವರು ಒಟ್ಟಿಗೆ ಕುಂತು ಕಾರ್ಯಕ್ರಮ ಕೇಳಿದರು. ಕೇಳಿ ಎದ್ದು ಹೋಗಲಿಲ್ಲ, ಅದರ ಮೇಲೆ ಚರ್ಚೆ ಮಾಡಿದರು, ತಮ್ಮ ಪ್ರಶ್ನೆಗಳನ್ನು ಆಕಾಶವಾಣಿಗೆ ತಿರುಗಿ ಕಳಿಸಿದರು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನ್ಯೂರಾತ್ ಎಂಬ ಸಂಶೋಧಕರು ಇದರ ಫಲವನ್ನು ಅಳೆದರು. ಕೂಟ ಇದ್ದ ಹಳ್ಳಿಗಳ ರೈತರು ಬಹಳ ಕಲಿತಿದ್ದರು. ರೇಡಿಯೊ ಇದ್ದೂ ಕೂಟ ಇಲ್ಲದ ಹಳ್ಳಿಗಳಲ್ಲಿ ಕಲಿಕೆ ತೀರ ಕಡಿಮೆ ಇತ್ತು.

ಈ ಪ್ರಯೋಗವನ್ನು ಗಮನವಿಟ್ಟು ನೋಡಬೇಕು. ಎರಡೂ ಕಡೆ ರೇಡಿಯೊ ಅದೇ, ಹೇಳಿದ ಮಾತೂ ಅದೇ. ವ್ಯತ್ಯಾಸ ಮಾಡಿದ್ದು ಪಕ್ಕದಲ್ಲಿ ಕುಂತವನು. ಅವನು 'ಅದು ನಮ್ಮ ಹೊಲಕ್ಕೆ ನಡೆಯೂದಿಲ್ಲ' ಅನ್ನುತ್ತಾನೆ. ಇನ್ನೊಬ್ಬ 'ಹೋದ ವರ್ಷ ನಾ ಮಾಡೀನಿ, ನಡೀತು' ಅನ್ನುತ್ತಾನೆ. ಆಗ ಕೇಳಿದ ಮಾತು ತಲೆಯಲ್ಲಿ ಕೂಡುತ್ತದೆ. ಯಂತ್ರ ಜನರನ್ನು ಕೂಡಿಸಿದ ಕಡೆ ಕೆಲಸವಾಯಿತು. ಬರೀ ಯಂತ್ರ ಇದ್ದ ಕಡೆ ಅಷ್ಟಾಗಲಿಲ್ಲ.

ನವಿಲುತೀರ್ಥದ ನೀರು, 1980ರ ಜುಲೈ 21

ಸಭೆಯಿಂದ ಕಲಿಯುವುದು ಒಂದು ಮಾತು. ಸರ್ಕಾರದ ಕಿವಿಗೆ ಬೀಳುವುದು ಇನ್ನೊಂದು ಮಾತು. ಅದರ ಕತೆ ನಮ್ಮ ಅಣೆಕಟ್ಟಿನಿಂದಲೇ ಶುರುವಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು. ಕಾಲುವೆಗಳು ನವಲಗುಂದ, ನರಗುಂದದ ಕಡೆ ಹರಿದವು. ಕೆಲವು ಕಡೆ ನೀರು ಸರಿಯಾಗಿ ಮುಟ್ಟಲಿಲ್ಲ, ಆದರೆ ನೀರಾವರಿ ಅಭಿವೃದ್ಧಿ ಕರದ ನೋಟಿಸು ಮುಟ್ಟಿತು. ಹತ್ತಿಯ ಧಾರಣಿಯೂ ಬಿದ್ದಿತ್ತು.

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಸಾವಿರಾರು ರೈತರು ಕೂಡಿದರು. ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಜೀವ ಕಳೆದುಕೊಂಡರು. ಪೊಲೀಸರ ಕಡೆಯೂ ಜೀವ ಹೋದವು. ಆಮೇಲೆ ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ರಿಯಾಯಿತಿ ಕೊಡಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವೂ ಹುಟ್ಟಿತು. ಪ್ರತಿ ಜುಲೈ 21ಕ್ಕೆ ರೈತರು ಇಂದಿಗೂ ಹುತಾತ್ಮರ ವೀರಗಲ್ಲಿನ ಮುಂದೆ ಕೂಡುತ್ತಾರೆ.

ಆ ದಿನ ಆದ ಸಾವುಗಳನ್ನು ನಾವು ಹೊಗಳುತ್ತಿಲ್ಲ. ಜನ ಕೂಡಿದ ಕಡೆ ಸಿಟ್ಟು ಕೈಮೀರುವುದೂ ಉಂಟು, ಅದರ ಬೆಲೆ ದೊಡ್ಡದು. ಆದರೆ ಅದಕ್ಕೂ ಮೊದಲು ಕಚೇರಿಗೆ ಕೊಟ್ಟ ಅರ್ಜಿಗಳು ಕಡತದಲ್ಲಿ ಕುಂತಿದ್ದವು ಎಂಬುದೂ ನಿಜ. ಅರ್ಜಿಯನ್ನು ಬದಿಗಿಟ್ಟಂತೆ ರಸ್ತೆಯಲ್ಲಿ ಕುಂತವರನ್ನು ಬದಿಗಿಡಲು ಆಗುವುದಿಲ್ಲ.

ಕೈಯಲ್ಲಿ ಸ್ಮಾರ್ಟ್‌ಫೋನ್ ಬಂದ ಮೇಲೂ ಇದು ಬದಲಾಗಿಲ್ಲ. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಧರಣಿಗೆ ಕುಂತವರು ವರ್ಷಗಟ್ಟಲೆ ಏಳಲಿಲ್ಲ. 2020ರಲ್ಲಿ ಪಂಜಾಬ್, ಹರಿಯಾಣದ ರೈತರು ಟ್ರ್ಯಾಕ್ಟರ್ ಕಟ್ಟಿಕೊಂಡು ದಿಲ್ಲಿಯ ಗಡಿಗೆ ಹೋಗಿ ಒಂದು ವರ್ಷ ಕುಂತರು. 2021ರ ನವೆಂಬರಿನಲ್ಲಿ ಮೂರು ಕೃಷಿ ಕಾಯ್ದೆಗಳು ವಾಪಸಾದವು. ಅವರೆಲ್ಲರ ಹತ್ತಿರ ಫೋನ್ ಇತ್ತು. ಊರಿನವರನ್ನು ಕರೆಯಲು, ಅಕ್ಕಿ ಬೇಳೆ ತರಿಸಲು, ಸುಳ್ಳು ಸುದ್ದಿಗೆ ಉತ್ತರ ಕೊಡಲು ಅದನ್ನು ಬಳಸಿದರು. ತಾವು ಕೂಡುವ ಬದಲಿಗೆ ಬಳಸಲಿಲ್ಲ.

ಜನ ಇಲ್ಲದ ಗುಡ್ಡ

ನಮ್ಮ ಸೀಮೆಯಲ್ಲಿ ಕೂಡುವುದು ಅಂದರೆ ಮೊದಲು ನೆನಪಾಗುವುದು ಯಲ್ಲಮ್ಮನ ಗುಡ್ಡ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗೆ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರದಿಂದ ಹಿಡಿದು ಗೋವಾ, ಆಂಧ್ರದವರೆಗಿನ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು ಇನ್ನೂ ಇದ್ದಾರೆ. ಜೋಗುಳಬಾವಿಯಲ್ಲಿ ಮೈತೊಳೆದು, ಗುಡ್ಡ ಏರಿ, ಒಲೆ ಹೂಡಿ ಅಡುಗೆ ಮಾಡಿ, ಪಡಲಗಿ ತುಂಬಿಸಿ ಹೋಗುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಗುಡಿಯ ಬಾಗಿಲು ಮುಚ್ಚಿತು. ಆ ವರ್ಷದ ದವನದ ಹುಣ್ಣಿಮೆ ಜನ ಇಲ್ಲದೆ ಹೋಯಿತು. ಡಿಸೆಂಬರಿನ ಹೊಸ್ತಿಲ ಹುಣ್ಣಿಮೆಯೂ ಹಾಗೇ ಹೋಯಿತು. ಅಮ್ಮನ ಫೋಟೊ, ವಿಡಿಯೊ ಫೋನಿಗೆ ಬಂದವು. ಮನೆಯ ಜಗಲಿ ಮೇಲೆ ಕುಂತು ಕೈಮುಗಿದವರಿಗೆ ಅದೂ ಸಮಾಧಾನವೇ. ಆದರೆ ಭಂಡಾರ ಮಾರುವವರ, ಬಳೆ, ಕಾಯಿ, ಕರ್ಪೂರದ ಅಂಗಡಿಯವರ ಹೊಟ್ಟೆ ವಿಡಿಯೊದಿಂದ ತುಂಬಲಿಲ್ಲ. ಚೌಡಿಕೆ ಹಿಡಿದು ಹಾಡುವ ಜೋಗತಿಯರ ಜೋಳಿಗೆಗೂ ಏನೂ ಬೀಳಲಿಲ್ಲ. 'ಉಧೋ ಉಧೋ' ಎಂದು ಒಬ್ಬರು ಕೂಗಿದರೆ ಇಡೀ ಗುಡ್ಡ ಓಗೊಡಬೇಕು. ಫೋನಿಗೆ ಉಧೋ ಅಂದರೆ ಓಗೊಡುವವರು ಯಾರು?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಪುಕ್ಕಟೆಯಾಯಿತು. ಮರುವಾರದಿಂದಲೇ ಗುಡ್ಡದ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಮ್ಮನ ವಿಡಿಯೊ ಆಗಲೂ ಫೋನಿನಲ್ಲಿ ಸಿಗುತ್ತಿತ್ತು. ಬಸ್ ಚಾರ್ಜಿನ ತೊಡಕು ಹೋದ ಕೂಡಲೇ ನಮ್ಮ ತಾಯಂದಿರು, ಅಕ್ಕತಂಗಿಯರು ಎದ್ದು ಹೊರಟರು. ಫೋನ್ ಸಾಕು ಎಂದು ಯಾರೂ ಮನೆಯಲ್ಲಿ ಉಳಿಯಲಿಲ್ಲ.

ಗುಡ್ಡದ ವಿಷಯದಲ್ಲೂ ಕಹಿಯನ್ನು ಮುಚ್ಚಿಡಬಾರದು. ಇದೇ ಜಾತ್ರೆಯ ಗದ್ದಲದಲ್ಲಿ ಬಡ ದಲಿತರ ಮನೆಯ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿದರು. ಅದನ್ನು ತಡೆಯಲು ರಾಜ್ಯ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಬೇಕಾಯಿತು. ಸಾವಿರ ಜನರ ಎದುರು ನಡೆದರೂ ಅನ್ಯಾಯ ಅನ್ಯಾಯವೇ. ನೋಡಿದವರು ಬಾಯಿ ಬಿಡದಿದ್ದರೆ ಸಾಕ್ಷಿ ಇದ್ದೂ ಇಲ್ಲದಂತೆ.

ಫೋನ್ ಕೊಟ್ಟದ್ದು ಸಣ್ಣದಲ್ಲ

ಹಾಗಾದರೆ ಫೋನಿನ ಸಭೆ ಬೇಡವೇ? ಹಾಗೂ ಹೇಳಲಾಗದು. ಹೈಕೋರ್ಟಿನ ಉದಾಹರಣೆ ನೋಡಿ. ಮೊದಲು ನಮ್ಮ ಭಾಗದವರು ಹೈಕೋರ್ಟಿನ ಕೆಲಸಕ್ಕೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು. ವಕೀಲರು, ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. 2020ರಲ್ಲಿ ಕೋರ್ಟುಗಳು ವಿಡಿಯೊ ಮೂಲಕ ವಿಚಾರಣೆ ಶುರು ಮಾಡಿದವು. ಒಂದು ತಾರೀಖು ಕೇಳುವುದಕ್ಕೆ ದಿನಗಟ್ಟಲೆ ಅಲೆಯುವುದು ತಪ್ಪಿದರೆ ಅದು ಬಡವನಿಗೆ ಉಳಿತಾಯವೇ.

ದುಡಿಯಲು ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ಹೋದ ನಮ್ಮ ಹುಡುಗರನ್ನು ನೆನೆಯಿರಿ. ಹೆರಿಗೆಯಾದ ತಾಯಿ, ಕಾಲಿಲ್ಲದವರು, ಹಾಸಿಗೆ ಹಿಡಿದ ಹಿರಿಯರು ಸಭೆಗೆ ಬರಲಾರರು. ಹೂಲಿಯ ಕಾಲದಿಂದ ಸಭೆಯ ಹೊರಗೇ ಉಳಿದವರಲ್ಲಿ ಕೆಲವರಿಗೆ ಫೋನ್ ಒಂದು ಕಿಟಕಿ ತೆರೆದಿದೆ. ಅದನ್ನು ಮುಚ್ಚುವುದು ತಪ್ಪು. ಆದರೆ ಕಿಟಕಿ ಇದೆ ಎಂದು ಬಾಗಿಲಿಗೆ ಬೀಗ ಹಾಕುವುದೂ ತಪ್ಪು.

ಕೋರಂ ಅಂದರೆ ಬರೀ ಸಂಖ್ಯೆಯಲ್ಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗ್ರಾಮಸಭೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯಲ್ಲೇ ನಮ್ಮ ರಾಜ್ಯದಲ್ಲಿ ಗ್ರಾಮಸಭೆ ಇತ್ತು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು, 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸಭೆ ಕೂಡಬೇಕು. ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಪಾಲು ಅಥವಾ 20 ಮಂದಿ, ಗ್ರಾಮಸಭೆಗೆ ಹತ್ತನೇ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಲೇಬೇಕು. ವಾರ್ಡ್ ಸಭೆಗೆ ಬಂದವರಲ್ಲಿ ಶೇಕಡಾ 30 ಹೆಣ್ಣುಮಕ್ಕಳಿರಬೇಕು. ಹೂಲಿಯ ಮಹಾಜನರ ಸಭೆಯಲ್ಲಿ ಜಾಗವೇ ಇಲ್ಲದವರಿಗೆ ಈ ಕಾಯ್ದೆ ಜಾಗ ಕೊಟ್ಟಿದೆ. ಸಾವಿರ ವರ್ಷಕ್ಕೆ ಸಿಕ್ಕ ಜಾಗ ಅದು.

ಈ ಸಭೆಯಲ್ಲಿ ಮನೆ ಯಾರಿಗೆ ಎಂಬ ಪಟ್ಟಿ ಓದುತ್ತಾರೆ. ಪಟ್ಟಿಯಲ್ಲಿ ಮಾಳಿಗೆ ಮನೆಯವರ ಹೆಸರು ಬಂದರೆ, ಸೋರುವ ಚಪ್ಪರದಲ್ಲಿ ಇರುವ ಅವ್ವ ಎದ್ದು ನಿಂತು 'ಅವರಿಗ್ಯಾಕ, ನನಗ್ಯಾಕಿಲ್ಲ?' ಅಂತ ಕೇಳಬಹುದು. ಆಗ ಪಕ್ಕದವರ ಮುಖ ಪಟ್ಟಿ ಓದುವವರ ಕಡೆ ತಿರುಗುತ್ತದೆ. ಓದುವವರು ಉತ್ತರ ಕೊಡಲೇಬೇಕಾಗುತ್ತದೆ. ಅದೇ ಅವ್ವ ಫೋನಿನ ಸಭೆಯಲ್ಲಿದ್ದರೆ ಅವಳ ಮೈಕ್ ಬಂದ್ ಮಾಡಲು ಒಂದು ಬೆರಳು ಸಾಕು. ನೆಟ್‌ವರ್ಕ್ ಹೋಯಿತು ಎಂದರೆ ಮುಗಿಯಿತು, ಹೋಗಿದ್ದು ನೆಟ್‌ವರ್ಕೋ ಧ್ವನಿಯೋ ಯಾರಿಗೂ ಗೊತ್ತಾಗದು. ಅದಕ್ಕೂ ಮೊದಲು ಆ ಫೋನ್ ಅವಳ ಕೈಯಲ್ಲಿ ಇದೆಯೇ ನೋಡಬೇಕು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದು ಇರುವುದು ಮಗನ ಕಿಸೆಯಲ್ಲಿ.

ಸಭೆ ಕೂಡದೆ ಮನೆಮನೆಗೆ ರಿಜಿಸ್ಟರ್ ಒಯ್ದು ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುವ ರೋಗ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಎದುರಿಗೆ ಯಾರೂ ಇಲ್ಲದ ಸಭೆ ಹಾಗೇ ಇರುತ್ತದೆ. ಫೋನಿನ ಸಭೆಯೊಂದೇ ಉಳಿದರೆ ಅದೇ ರೋಗಕ್ಕೆ ಹೊಸ ಅಂಗಿ ತೊಡಿಸಿದಂತೆ. ಪರದೆಯ ಮೇಲೆ ನೂರು ಹೆಸರು ಕಾಣುತ್ತವೆ, ಅವುಗಳ ಹಿಂದೆ ಎಷ್ಟು ಜನ ಕೇಳುತ್ತಿದ್ದಾರೆ ಎಂಬುದು ಕಾಣುವುದಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಸಭೆಯ ತಾರೀಖು ಹೇಳಲು, ಪಟ್ಟಿಯನ್ನು ವಾರದ ಮೊದಲೇ ಗ್ರೂಪಿಗೆ ಹಾಕಲು ಫೋನ್ ಬಳಸಿ. ಕಾಮಗಾರಿಯ ಫೋಟೊ, ಲೆಕ್ಕ ಎಲ್ಲರಿಗೂ ಕಳಿಸಿ. ಊರ ಹೊರಗಿರುವವರು, ಎದ್ದು ಬರಲಾರದವರು ವಿಡಿಯೊದಲ್ಲಿ ಬಂದು ಮಾತಾಡಲಿ, ಅವರ ಧ್ವನಿ ಕೂಡಿದವರೆಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಜೋಡಿಸಿ. ಪುಣೆಯ ಆ ಹಳ್ಳಿಗಳು ರೇಡಿಯೊವನ್ನು ನಡುವೆ ಇಟ್ಟುಕೊಂಡು ಸುತ್ತ ಕುಂತಂತೆ ನಾವೂ ಫೋನನ್ನು ನಡುವೆ ಇಟ್ಟುಕೊಂಡು ಕೂಡೋಣ. ಆದರೆ ಮನೆ, ನೀರು, ಭೂಮಿ, ಪಡಿತರ ಯಾರಿಗೆ ಸಿಗಬೇಕು ಎಂಬ ತೀರ್ಮಾನ ಮಾತ್ರ ಊರವರ ಕಣ್ಣೆದುರಿಗೇ ಆಗಬೇಕು. ಕೂಲಿ ತಪ್ಪುತ್ತದೆ ಎಂಬುದು ತೊಡಕಾದರೆ ಸಭೆಯನ್ನು ಸಂಜೆಗೆ ಇಡಿ, ಕೇರಿಯ ಹತ್ತಿರವೇ ವಾರ್ಡ್ ಸಭೆ ಮಾಡಿ.

ಮುಂದಿನ ವಾರ್ಡ್ ಸಭೆಯ ನೋಟಿಸು ನಿಮ್ಮ ಗ್ರೂಪಿಗೆ ಬಂದಾಗ ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗಬೇಡಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಠರಾವು ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಸಹಿ ಮಾಡಿ.